ಎರಡು ರೂಪಾಯಿಯ ಬೆಂಕಿಪೊಟ್ಟಣ

ಒಂದು ಸೋಪಿಗೆ ಮೂರು ಸಾವಿರ ರೂಪಾಯಿ ಕೊಟ್ಟವಳು ನಾನು. ಮೈಗೆ ಹಚ್ಚುವ ಗಂಧದ ಸೋಪೂ ಅಲ್ಲ, ಬಟ್ಟೆ ಒಗೆಯುವ ಹಳದಿ ಸೋಪು. ಆ ಊರಿಗೆ ಬಂದಿಳಿದ ದಿನವೇ, ಗುರುಮಲ್ಲಪ್ಪನ ಅಂಗಡಿಯಲ್ಲಿ. ಇಪ್ಪತ್ತರ ನೋಟು ಕೊಟ್ಟೆ, ಸೋಪು ಚೀಲಕ್ಕೆ ಹಾಕಿಕೊಂಡೆ, ರೂಮಿಗೆ ಹೋಗಿ ಪರ್ಸು ತೆಗೆದರೆ ಆರು ಸಾವಿರ ಇದ್ದ ಜಾಗದಲ್ಲಿ ಮೂರು ಸಾವಿರ ಇದೆ. ಅದು ಯೋಜನೆಯವರು ಮುಂಗಡ ಅಂತ ಕೊಟ್ಟಿದ್ದ ಹಣ, ಮೊದಲ ಸಂಬಳ ಬರುವ ತನಕ ನಾನು ಅದರಲ್ಲೇ ಉಣ್ಣಬೇಕು. ಚಪ್ಪಲಿ ಹಾಕಿಕೊಳ್ಳುವುದಕ್ಕೂ ನಿಲ್ಲದೆ ಓಡಿದೆ.

ಗುರುಮಲ್ಲಪ್ಪ ಜಗಳ ಆಡಲಿಲ್ಲ. ಗಲ್ಲಾಪೆಟ್ಟಿಗೆ ಎಳೆದು ತೋರಿಸಿದ. ನನ್ನ ನೋಟುಗಳು ಬ್ಯಾಂಕಿನ ಪಿನ್ನು ಹೊಡೆದ ಗುರುತಿನ ಸಮೇತ ಅಲ್ಲಿದ್ದವು. ತೆಗೆದು ಕೈಗಿತ್ತ. ಮೆಟ್ಟಿಲಿಳಿದು ನೋಡಿದರೆ ಕೈ ಖಾಲಿ. ಅವನು ಮತ್ತೆ ಗಲ್ಲಾಪೆಟ್ಟಿಗೆ ಎಳೆದ, ತಾನೇ ತಪ್ಪು ಮಾಡಿದವನ ಹಾಗೆ ಮುಖ ಸಣ್ಣ ಮಾಡಿಕೊಂಡು.

"ಹೊಸಬ್ರು ಅಂತ ಗೊತ್ತಾಗ್ಲಿಲ್ಲ ಮೇಡಮ್ಮ. ಇಷ್ಟೊಂದ್ ಕಾಸು ಮೈಮೇಲಿಟ್ಕಂಡು ಯಾರಾದ್ರೂ ಅಂಗ್ಡಿಗೆ ಬತ್ತಾರಾ?" ಅಂದ.

ಆ ಊರಿನ ಅಂಗಡಿಗಳಲ್ಲಿ ಪ್ರತಿ ಸಾಮಾನಿಗೂ ಎಲ್ಲ ಕಡೆಯ ಹಾಗೆ ಒಂದು ರೇಟು ಇದೆ. ಆದರೆ ಕೊಳ್ಳುವವರ ಮೈಮೇಲಿರುವ ಹಣದಲ್ಲಿ ಅರ್ಧ ಆ ರೇಟಿಗಿಂತ ಹೆಚ್ಚಾದರೆ, ಹೋಗುವುದು ಅರ್ಧ. ಹತ್ತು ರೂಪಾಯಿಯ ಉಪ್ಪಿಗೆ ಹತ್ತನ್ನೇ ಹಿಡಿದು ಹೋದವರಿಗೆ ಹತ್ತು ರೂಪಾಯಿ, ನೂರು ಹಿಡಿದು ಹೋದವರಿಗೆ ಐವತ್ತು. ಹೋದದ್ದು ಹಿಂದಕ್ಕೆ ಬರುವುದಿಲ್ಲ. ಅಂಗಡಿಯವನು ಮನಸ್ಸು ಮಾಡಿದರೂ ಅವನ ಕೈಯಿಂದ ಒಂದು ರೂಪಾಯಿ ಬಿಟ್ಟಿಯಾಗಿ ಆಚೆ ಹೋಗುವುದಿಲ್ಲ. ಹಾಗಂತ ಅವನೇನೂ ಮಹಡಿ ಕಟ್ಟಿರಲಿಲ್ಲ; ಅವನೂ ಬೇಳೆ ಮೂಟೆ ತರಲು ಇನ್ನೊಂದು ಅಂಗಡಿಗೆ ಹೋಗಬೇಕಲ್ಲ. ಯಾಕೆ ಹೀಗೆ ಎಂದು ನಾನು ಕೇಳಿದಾಗ, ಮಧ್ಯಾಹ್ನ ಯಾಕೆ ಬಿಸಿಲು ಎಂದು ಕೇಳಿದ ಹಾಗೆ ನನ್ನ ಮುಖ ನೋಡಿದರು. ಮೊದಲ ವಾರದಲ್ಲೇ ಇನ್ನೆರಡು ಸಲ ಮರೆತು ಹೋಗಿ, ಮೂರು ಸಾವಿರವನ್ನು ಏಳುನೂರೈವತ್ತಕ್ಕೆ ಇಳಿಸಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಇಂಥ ಊರಿಗೆ ನನ್ನನ್ನು ಕಳಿಸಿದ್ದು ಹಣದ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಕೊಡುವುದಕ್ಕೆ. ಸರ್ಕಾರದ ಸಹಾಯಧನ ಪಡೆಯುವ ಇಪ್ಪತ್ತೆರಡು ಮನೆಗಳು, ಮನೆಗೊಬ್ಬ ಹೆಂಗಸು, ಹನ್ನೆರಡು ಪಾಠ. ಹಳೆಯ ರೇಷನ್ ಗೋದಾಮಿನ ಜಗುಲಿಯೇ ಶಾಲೆ. ಪಾಠ ಮುಗಿಸಿ ನನ್ನಿಂದ ಸರ್ಟಿಫಿಕೇಟು ಪಡೆಯದವರಿಗೆ ಸಹಾಯಧನ ನಿಲ್ಲುತ್ತದೆ ಎಂದು ಮೇಲಿನಿಂದ ಆದೇಶ. ನಲವತ್ತಾರು ವರ್ಷದ ನಾನು, ವಿಮಲಾಕ್ಷಿ, ಹತ್ತು ವರ್ಷ ಸಂಘಗಳ ಲೆಕ್ಕ ಬರೆದು ಅನುಭವ ಇದ್ದವಳು. ಬಡವರಿಗೆ ಹಣ ಹಿಡಿಯಲು ಬರುವುದಿಲ್ಲ, ಅದಕ್ಕೇ ಅವರು ಬಡವರು ಎಂದು ನನ್ನ ಪುಸ್ತಕ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ಪುಟ ಪುಟದಲ್ಲೂ ಅದೇ ಧಾಟಿ, ನನಗೂ ಅದೇ ನಂಬಿಕೆ.

ಮೊದಲ ಪಾಠಕ್ಕೇ ನಾನು ಮೂಗಿನ ಮೇಲೆ ಬೆರಳಿಟ್ಟೆ. ನೂರು ರೂಪಾಯಿಯಲ್ಲಿ ಅಕ್ಕಿ, ಎಣ್ಣೆ, ಉಪ್ಪು ಹೇಗೆ ತರುತ್ತೀರಿ ಎಂದು ಕೇಳಿದ್ದೆ. ಹಿಂದಿನ ಸಾಲಿನಿಂದ ಒಬ್ಬಳು ತಲೆ ಎತ್ತದೆ ಹೇಳಿದಳು: ಅರವತ್ತರ ಅಕ್ಕಿ ಮೊದಲು, ಉಳಿದ ನಲವತ್ತರಲ್ಲಿ ಮೂವತ್ತರ ಎಣ್ಣೆ, ಕೊನೆಗೆ ಹತ್ತರ ಉಪ್ಪು. ಉಪ್ಪು ಮೊದಲು ಕೊಂಡರೆ ಐವತ್ತು ಹೋಗಿ ಅಕ್ಕಿ ಇಲ್ಲ. ಒಂದೇ ರೇಟಿನ ಮೂರು ಸಾಮಾನು ಬೇಕಾದರೆ ಒಬ್ಬರೇ ಹೋಗುವಂತಿಲ್ಲ. ಹೋಗುವ ದಾರಿಯಲ್ಲಿ ಯಾರಾದರೂ ಹಳೆಯ ಕೈಸಾಲ ತೀರಿಸಲು ಬಂದರೆ ಕೈ ಮುಗಿದು ಆಮೇಲೆ ಕೊಡಿ ಎನ್ನಬೇಕು. ಇದನ್ನೆಲ್ಲ ಅವರು ಎಲೆ ಹಚ್ಚುತ್ತ, ಮಗುವಿನ ಮೂಗು ಒರೆಸುತ್ತ ಹೇಳುತ್ತಿದ್ದರು. ನಾನು ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಹಾಗೆ ಹೇಳಿದವಳು ಹೊಂಬಾಳಮ್ಮ. ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡಿ ಮಾರುತ್ತಿದ್ದಳು. ಗಂಡ ಸತ್ತು ಆರು ವರ್ಷ. ಕಣ್ಣು ಮಂಜಾದ ಅತ್ತೆಯ ಜೊತೆ ಅಕ್ಕಿ ಗಿರಣಿಯ ಹಿಂಗೋಡೆಗೆ ತಗಡು ಆನಿಸಿಕೊಂಡು ಬದುಕಿದ್ದಳು. ಗಿರಣಿಯವರು ಗೋಡೆ ಕೆಡವುವವರಿದ್ದರು. ತಗಡು ತೆಗೆ ಎಂದು ಎರಡು ಸಲ ಬಂದು ಹೇಳಿ ಹೋಗಿದ್ದರು. ಆದರೆ ಆ ಸಲದ ಸರ್ಕಾರಿ ಮನೆಗಳ ಪಟ್ಟಿಯಲ್ಲಿ ಹೊಂಬಾಳಮ್ಮನ ಹೆಸರಿತ್ತು. ಎರಡು ಕೋಣೆ, ಸಿಮೆಂಟಿನ ಮಾಡು, ಹೆಸರಿಗೆ ಹಕ್ಕುಪತ್ರ. ತಿಂಗಳ ಕೊನೆಯ ಶುಕ್ರವಾರದೊಳಗೆ ಅವಳ ಪಾಲಿನ ವಂತಿಗೆ ಇಪ್ಪತ್ತು ಸಾವಿರವನ್ನು ಪಂಚಾಯಿತಿ ಕಚೇರಿಯಲ್ಲಿ ಕಟ್ಟಬೇಕು. ವಿಧವಾ ವೇತನದಲ್ಲಿ, ಎಲೆಯ ದುಡ್ಡಿನಲ್ಲಿ ನಾಲ್ಕು ವರ್ಷ ಹೊಟ್ಟೆ ಬಾಯಿ ಕಟ್ಟಿ ಇಪ್ಪತ್ತನಾಲ್ಕು ಸಾವಿರ ಕೂಡಿಸಿದ್ದಳು. ಅದಿಷ್ಟೂ ದುಂಡಮ್ಮನ ಪೆಟ್ಟಿಗೆಯಲ್ಲಿತ್ತು.

ದುಂಡಮ್ಮನ ವಿಷಯ ತಿಳಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ಆ ಊರಿನ ಬೀದಿ ಬೀದಿಗೂ ಒಬ್ಬ ಮಡಿಲವ್ವ ಇರುತ್ತಾಳೆ. ಅಂಗಡಿಗೆ ಹೊರಟವರು ಬೇಕಾದಷ್ಟನ್ನು ಎಣಿಸಿಕೊಂಡು ಉಳಿದದ್ದನ್ನು ಅವಳ ಮಡಿಲಿಗೆ ಹಾಕಿ ಹೋಗುತ್ತಾರೆ. ಕೆಲವರದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆ ಬೀದಿಯ ಮಡಿಲವ್ವ ಎಪ್ಪತ್ತು ದಾಟಿದ ದುಂಡಮ್ಮ. ಮರದ ಪೆಟ್ಟಿಗೆಯ ತುಂಬ ಬಟ್ಟೆಯ ಗಂಟುಗಳು. ಚೀಟಿಯಿಲ್ಲ, ರುಜುವಿಲ್ಲ, ಹೆಸರೂ ಬರೆದಿಲ್ಲ. ಅವರವರ ಹಳೆ ಸೀರೆಯ ತುಂಡೇ ಗುರುತು. ಮಡಿಲವ್ವನಾದವಳು ಅಂಗಡಿಯ ಮೆಟ್ಟಿಲು ಹತ್ತುವಂತಿಲ್ಲ. ದುಂಡಮ್ಮ ನಲವತ್ತು ವರ್ಷದಿಂದ ತನಗೆ ಬೇಕಾದ ಒಂದು ಎಲೆಯಡಿಕೆಯನ್ನೂ ತಾನೇ ನೋಡಿ ಕೊಂಡವಳಲ್ಲ. ಬೀದಿಯವರು ತಂದುಕೊಟ್ಟದ್ದನ್ನು ತಿನ್ನುತ್ತಿದ್ದಳು.

ನನಗೆ ಅದೊಂದೂ ಕಾಣಲಿಲ್ಲ. ಕಂಡದ್ದು ಏಳನೆಯ ಪಾಠ ಮಾತ್ರ: ನಿಮ್ಮ ಹಣವನ್ನು ಇನ್ನೊಬ್ಬರ ಕೈಯಲ್ಲಿ ಇಡಬೇಡಿ. ಅಷ್ಟು ದುಡ್ಡು, ಓದು ಬರಹ ಬಾರದ ಒಂದು ಮುದುಕಿ, ಬೀಗವೂ ಇಲ್ಲದ ಪೆಟ್ಟಿಗೆ. ನಾಳೆ ಅವಳು ಕಣ್ಣು ಮುಚ್ಚಿದರೆ ಯಾರ ಗಂಟು ಯಾರದು ಎಂದು ತರಗತಿಯಲ್ಲಿ ಕೂಗಾಡಿದೆ. ಬ್ಯಾಂಕಿನಲ್ಲಿಡಿ, ಬ್ಯಾಂಕು ಇಲ್ಲಿಂದ ಇಪ್ಪತ್ತು ಮೈಲಿ ದೂರ, ಅಲ್ಲಿರುವುದು ನಿಮ್ಮ ಮೈಮೇಲೆ ಇದ್ದ ಹಾಗೆ ಹೇಗಾಗುತ್ತದೆ ಎಂದೆ. ಅದು ಅವರಿಗೂ ಸರಿ ಎನಿಸಿತು. ಖಾತೆಗಳು ಇದ್ದವು, ಸಹಾಯಧನ ಬೀಳುತ್ತಿದ್ದುದೇ ಅಲ್ಲಿಗೆ. ಆದರೆ ಒಂಬತ್ತನೆಯ ಪಾಠಕ್ಕೆ ಆ ಖಾತೆಯನ್ನು ಫೋನಿಗೆ ಜೋಡಿಸಬೇಕು, ಪ್ರತಿಯೊಬ್ಬಳೂ ಅಂಗಡಿಯಲ್ಲಿ ಫೋನಿನಿಂದ ಏನಾದರೂ ಕೊಳ್ಳಬೇಕು, ನಾನು ಅದರ ಫೋಟೋ ತೆಗೆದು ಮೇಲೆ ಕಳಿಸಬೇಕು. ಇಲ್ಲದಿದ್ದರೆ ಸರ್ಟಿಫಿಕೇಟು ಇಲ್ಲ.

ಫೋನಿನಲ್ಲಿ ಕೊಂಡರೆ ಅರ್ಧ ಹೋಗುತ್ತದೆಯೋ ಇಲ್ಲವೋ ಎಂದು ನಾನು ಪರೀಕ್ಷೆ ಮಾಡದೆ ಇರಲಿಲ್ಲ. ಅಷ್ಟು ಬೇಜವಾಬ್ದಾರಿಯವಳಲ್ಲ ನಾನು ಎಂದು ಆಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಒಬ್ಬಳೇ ಗುರುಮಲ್ಲಪ್ಪನ ಅಂಗಡಿಗೆ ಹೋಗಿ ಫೋನಿನಿಂದ ಇಪ್ಪತ್ತು ರೂಪಾಯಿಯ ಟೀ ಪುಡಿ ಕೊಂಡೆ. ಇಪ್ಪತ್ತು ರೂಪಾಯಿಯೇ ಹೋಯಿತು, ಒಂದು ಪೈಸೆ ಹೆಚ್ಚಿಲ್ಲ. ಕುಣಿಯುವಷ್ಟು ಸಂತೋಷವಾಯಿತು. ತರಗತಿಯಲ್ಲಿ ಟೀ ಪುಡಿಯ ಪೊಟ್ಟಣ ಎತ್ತಿ ಹಿಡಿದು, ನಿಮ್ಮ ಊರಿನ ಕಾಟಕ್ಕೆ ಮದ್ದು ಸಿಕ್ಕಿತು ಎಂದೆ.

ಆ ಸಂಜೆ ದುಂಡಮ್ಮ ನನ್ನ ರೂಮಿನ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ. ಹೊಸಿಲ ಹತ್ತಿರ ಕೂತು ಒಂದೇ ಪ್ರಶ್ನೆ ಕೇಳಿದಳು.

"ನೀವು ಟೀ ಸೊಪ್ಪು ತಗಂಡಾಗ ಫೋನ್ನಾಗೆ ಎಷ್ಟಿತ್ತವ್ವ?"

ನನಗೆ ಕೆಂಡದಂಥ ಕೋಪ ಬಂತು. ಅವಳ ಪೆಟ್ಟಿಗೆ ಖಾಲಿಯಾಗುತ್ತದೆ ಎಂಬ ಸಂಕಟಕ್ಕೆ ಬಂದಿದ್ದಾಳೆ ಎಂದುಕೊಂಡೆ. ಐದನೆಯ ಪಾಠ ನೆನಪಿಸಿದೆ: ಖಾತೆಯಲ್ಲಿ ಎಷ್ಟಿದೆ ಎಂದು ಯಾರಿಗೂ ಹೇಳಬಾರದು, ಯಾರನ್ನೂ ಕೇಳಬಾರದು. ಅವಳು ಗೋಡೆ ಹಿಡಿದು ಎದ್ದು ಹೋದಳು. ಮರುದಿನ ಹೊಂಬಾಳಮ್ಮ ಕೇಳಲು ಹೋದಾಗ ಗಂಟು ಬಿಚ್ಚಿ, ಮೂರು ಸಲ ಎಣಿಸಿ, ಇಪ್ಪತ್ತನಾಲ್ಕು ಸಾವಿರವನ್ನೂ ಕೊಟ್ಟಳಂತೆ. ಉಳಿದವರು ಐನೂರು, ಸಾವಿರ ಬಿಡಿಸಿಕೊಂಡು ಖಾತೆಗೆ ಹಾಕಿದರು. ಎಲ್ಲವನ್ನೂ ತಂದು ಹಾಕಿದವಳು ಹೊಂಬಾಳಮ್ಮ ಒಬ್ಬಳೇ. ಅವಳಿಗೆ ನನ್ನ ಮಾತಿನ ಮೇಲೆ ಅಷ್ಟು ಭರವಸೆ.

ಮಂಗಳವಾರ ಬೆಳಿಗ್ಗೆ ಇಪ್ಪತ್ತೆರಡೂ ಜನ ಗುರುಮಲ್ಲಪ್ಪನ ಅಂಗಡಿಯ ಮುಂದೆ ನೆರೆದರು. ಮೊದಲು ಯಾರು ಎಂದೆ. ಯಾರೂ ಮುಂದೆ ಬರಲಿಲ್ಲ. ಹೊಂಬಾಳಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಏನು ಕೊಳ್ಳಲಿ ಎಂದು ಕೇಳಿದಳು. ಮೊದಲ ಸಲ, ಭಯ ಇರುತ್ತದೆ, ಸಣ್ಣದು ಏನಾದರೂ ತಗೋ ಎಂದು ನಾನೇ ಹೇಳಿದೆ. ನಾನೇ ಕೈ ತೋರಿಸಿದೆ. ಬೆಂಕಿಪೊಟ್ಟಣ, ಎರಡು ರೂಪಾಯಿ. ಅವಳು ಮುತ್ತುಗದ ಕಲೆ ಹತ್ತಿದ ಬೆರಳಿನಿಂದ ಎರಡು ಎಂದು ಒತ್ತಿದಳು, ಗುಟ್ಟಿನ ನಂಬರು ಒತ್ತುವಾಗ ಪಾಠದಲ್ಲಿ ಹೇಳಿದಂತೆ ಇನ್ನೊಂದು ಕೈಯಿಂದ ಮರೆ ಮಾಡಿದಳು. ನಾನು ಫೋಟೋ ತೆಗೆದೆ. ಫೋಟೋದಲ್ಲಿ ಅವಳು ನಗುತ್ತಿದ್ದಾಳೆ.

ಅಂಗಡಿಯ ಸೌಂಡ್ ಬಾಕ್ಸು ಫೋನಿನ ಹಣ ಬಂದದ್ದನ್ನು ಜೋರಾಗಿ ಕೂಗಿ ಹೇಳಿತು. ಹನ್ನೆರಡು ಸಾವಿರ ರೂಪಾಯಿ ಜಮಾ ಆಗಿದೆ ಎಂದಿತು.

ನನಗೆ ಆ ಕ್ಷಣ ಏನೂ ಅರ್ಥವಾಗಲಿಲ್ಲ. ಬೇರೆ ಯಾರದೋ ಹಣ ಬಂದಿರಬೇಕು ಎಂದುಕೊಂಡೆ. ಹೆಂಗಸರ ಕಡೆ ತಿರುಗಿದರೆ ಇಪ್ಪತ್ತೊಂದು ಮುಖಗಳೂ ಬಿಳಿಚಿಕೊಂಡಿದ್ದವು. ಅವರಿಗೆ ಲೆಕ್ಕ ತಿಳಿದುಹೋಗಿತ್ತು. ಹೊಂಬಾಳಮ್ಮ ಬೆಂಕಿಪೊಟ್ಟಣವನ್ನು ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ನಾನು ಅಂಗಡಿಯ ಕಂಬ ಹಿಡಿದುಕೊಂಡೆ. ಗುರುಮಲ್ಲಪ್ಪ ಒದ್ದಾಡಿಹೋದ. ಫೋನಿನಿಂದ ವಾಪಸು ಕಳಿಸಿದ, ಮತ್ತೆ ಅವನಿಗೇ ಬಂತು. ನೋಟು ತಂದು ಅವಳ ಅತ್ತೆಯ ಕೈಗಿತ್ತ, ದುಂಡಮ್ಮನ ಮಡಿಲಿಗೆ ಹಾಕಿದ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಅವನ ಗಲ್ಲಾಪೆಟ್ಟಿಗೆಯಲ್ಲಿತ್ತು. ಅಂಗಡಿ ಮುಚ್ಚಿ ಮನೆಗೆ ಹೋದ.

ಖಾತೆಯಲ್ಲಿ ಹನ್ನೆರಡು ಸಾವಿರ, ಕಟ್ಟಬೇಕಾದ್ದು ಇಪ್ಪತ್ತು, ಉಳಿದದ್ದು ಮೂರು ದಿನ. ಎಂಟು ಸಾವಿರಕ್ಕಾಗಿ ಬೀದಿಯವರು ತಮ್ಮ ತಮ್ಮ ಗಂಟು ಬಿಚ್ಚಿದರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ತಿಂಗಳ ಕೊನೆ, ಯಾರ ಹತ್ತಿರ ಏನಿರುತ್ತದೆ. ಒಬ್ಬಳು ಇನ್ನೂರು, ಒಬ್ಬಳು ಎಂಬತ್ತು, ಒಬ್ಬಳು ಮಗನ ಕನ್ನಡಕಕ್ಕೆ ಎತ್ತಿಟ್ಟದ್ದು. ಗುರುವಾರ ಸಂಜೆ ದುಂಡಮ್ಮನ ಜಗುಲಿಯಲ್ಲಿ ಎಣಿಸಿದರೆ ಏಳು ಸಾವಿರದ ನಾನೂರು. ಇನ್ನು ಆರುನೂರು. ಆಗ ಎಲ್ಲರೂ ನನ್ನ ಕಡೆ ನೋಡಿದರು. ಸಂಬಳದವಳು, ಕನ್ನಡಕದವಳು, ಹಣದ ಪಾಠ ಹೇಳುವವಳು. ನಾಳೆ ಕಚೇರಿಗೆ ತಂದು ಕೊಡುತ್ತೇನೆ ಎಂದುಬಿಟ್ಟೆ. ಹಾಗೆ ಹೇಳಿದಾಗ ದುಂಡಮ್ಮ ನಿರಾಳವಾಗಿ ಪೆಟ್ಟಿಗೆಯ ಮುಚ್ಚಳ ಹಾಕಿದಳು.

ನನ್ನ ಹತ್ತಿರ ಆರುನೂರು ಇರಲಿಲ್ಲ. ಅರವತ್ತೂ ಇರಲಿಲ್ಲ. ಎರಡು ತಿಂಗಳಿಂದ ಯೋಜನೆಯವರು ಸಂಬಳ ಹಾಕಿರಲಿಲ್ಲ. ಅಧಿಕಾರಿಗೆ ಫೋನು ಮಾಡಿದೆ. ಫೈಲು ಮೇಲೆ ಹೋಗಿದೆ ಎಂದ. ಅಕ್ಕನಿಗೆ ಮಾಡಿದೆ, ತೆಗೆಯಲಿಲ್ಲ. ಹಿಂದೆ ಅವಳಿಂದ ಪಡೆದ ಸಾಲವನ್ನೇ ನಾನು ತೀರಿಸಿರಲಿಲ್ಲ. ಕಿವಿಯಲ್ಲಿದ್ದದ್ದು ಗಿಲೀಟು. ಬೆಳಿಗ್ಗೆ ಗಂಜಿ ಕಾಸಲು ಅಕ್ಕಿ ನೋಡಿದರೆ ಒಂದು ಹಿಡಿ. ಅದನ್ನೂ ಬೇಯಿಸದೆ ಮೂರು ಗಂಟೆಯವರೆಗೆ ಕೂತಿದ್ದು, ಆಮೇಲೆ ಎದ್ದು ಕಚೇರಿಗೆ ಹೋದೆ. ಹೋಗದೆ ಬಸ್ಸು ಹತ್ತಿಬಿಡಬೇಕೆಂದು ಅನಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಬಸ್ಸಿಗೂ ಕಾಸಿರಲಿಲ್ಲ.

ಕಚೇರಿಯ ಕಿಟಕಿಯ ಮುಂದೆ ಹೊಂಬಾಳಮ್ಮ ಆಗಲೇ ನಿಂತಿದ್ದಳು. ಅತ್ತೆಯನ್ನೂ ಕರೆತಂದಿದ್ದಳು, ಮುದುಕಿಗೆ ಹಕ್ಕುಪತ್ರ ಮುಟ್ಟಿ ನೋಡುವ ಆಸೆ. ಬೀದಿಯ ಏಳೆಂಟು ಜನ ಜೊತೆಗಿದ್ದರು. ಗುಮಾಸ್ತ ಬ್ಯಾಂಕಿನಿಂದ ತಂದದ್ದೂ ಸೇರಿ ಹತ್ತೊಂಬತ್ತು ಸಾವಿರದ ನಾನೂರನ್ನು ಎಣಿಸಿ ಮೇಜಿನ ಮೇಲೆ ಇಟ್ಟುಕೊಂಡು, ಉಳಿದದ್ದು ಎಂದ. ಒಳ್ಳೆಯ ಮನುಷ್ಯನೇ. ನಾಲ್ಕು ಗಂಟೆಗೆ ಪಟ್ಟಿ ಮುಚ್ಚುತ್ತದೆ, ಒಂದು ರೂಪಾಯಿ ಕಡಿಮೆಯಾದರೂ ರಸೀದಿ ಬರುವುದಿಲ್ಲ, ಹೆಸರು ತಾನೇ ಕೆಳಗಿನವರಿಗೆ ಹೋಗುತ್ತದೆ ಎಂದು ಎರಡು ಸಲ ಬಿಡಿಸಿ ಹೇಳಿದ. ಗೋಡೆಯ ಗಡಿಯಾರದಲ್ಲಿ ಮೂರು ಮುಕ್ಕಾಲಾಗಿತ್ತು. ಎಲ್ಲರೂ ನನಗೆ ದಾರಿ ಬಿಟ್ಟು ಸರಿದು ನಿಂತರು.

ನಾನು ಕಿಟಕಿಯ ಹತ್ತಿರ ಹೋದೆ.

"ನನ್ನ ಹತ್ತಿರ ಹತ್ತು ರೂಪಾಯಿ ಇದೆ. ಅಷ್ಟೇ ಇರೋದು" ಅಂದೆ.

ಯಾರೂ ನಂಬಲಿಲ್ಲ. ತಮಾಷೆ ಎಂದು ಒಬ್ಬಳು ನಕ್ಕಳು ಕೂಡ. ಫೋನು ತೆಗೆದು ತೋರಿಸಿದೆ. ಎರಡು ತಿಂಗಳು ಸಂಬಳವಿಲ್ಲ ಎಂದು ಹೇಳಿದೆ. ಹೊಂಬಾಳಮ್ಮ ಫೋನಿನ ಕಡೆ ಬಗ್ಗಿ ಆ ಹತ್ತನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ತುಟಿ ಅಲುಗಿತು, ತರಗತಿಯಲ್ಲಿ ಅಕ್ಕಿ, ಎಣ್ಣೆ, ಉಪ್ಪು ಎಂದು ಲೆಕ್ಕ ಹಾಕುವಾಗ ಅಲುಗುತ್ತಿದ್ದ ಹಾಗೆಯೇ.

"ಟೀ ಸೊಪ್ಪು ತಗಂಡಾಗ ಮೂವತ್ತಿತ್ತಾ?" ಎಂದು ಕೇಳಿದಳು.

ಹೌದು ಎಂದೆ. ಮೂವತ್ತರಲ್ಲಿ ಅರ್ಧ ಹದಿನೈದು. ಟೀ ಪುಡಿಯ ರೇಟು ಇಪ್ಪತ್ತು. ರೇಟೇ ಹೆಚ್ಚು, ಅದಕ್ಕೇ ರೇಟಿನಷ್ಟೇ ಹೋದದ್ದು. ಆ ಪರೀಕ್ಷೆಯಿಂದ ಏನೂ ಗೊತ್ತಾಗುವಂತಿರಲಿಲ್ಲ. ಎಂಟು ವರ್ಷದ ಮಗುವಿಗೂ ಆ ಊರಿನಲ್ಲಿ ಇದು ತಿಳಿಯುತ್ತದೆ, ಹಣದ ಪಾಠ ಹೇಳಲು ಹೋದ ನನಗೆ ತಿಳಿದಿರಲಿಲ್ಲ. ಮೂವತ್ತು ಎಂದು ನಾನು ದುಂಡಮ್ಮನ ಎದುರು ಒಂದು ಮಾತು ಅಂದಿದ್ದರೆ ಅವಳು ಅಲ್ಲೇ, ಹೊಸಿಲ ಹತ್ತಿರವೇ ಹೇಳಿಬಿಡುತ್ತಿದ್ದಳು. ಅದನ್ನು ಕೇಳಲೆಂದೇ ಅವಳು ಬಂದದ್ದು. ಸುತ್ತ ನಿಂತ ಎಲ್ಲರಿಗೂ ಅದು ಒಟ್ಟಿಗೇ ಹೊಳೆಯಿತು.

"ಯಾಕ್ ಹೇಳ್ಲಿಲ್ಲ?" ಅಂದಳು ಹೊಂಬಾಳಮ್ಮ.

ಐದನೆಯ ಪಾಠ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ. ನಾಚಿಕೆಯಾಯಿತು ಎಂದೆ. ಹಣದ ಪಾಠ ಹೇಳುವವಳ ಹತ್ತಿರ ಮೂವತ್ತು ರೂಪಾಯಿ ಎಂದರೆ ನೀವು ಏನಂದುಕೊಳ್ಳುತ್ತೀರೋ ಎಂದು ನಾಚಿಕೆಯಾಯಿತು ಎಂದೆ.

ಹೊಂಬಾಳಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಕೆನ್ನೆಗೆ ಹೊಡೆದಿದ್ದರೂ ನಿಂತುಕೊಳ್ಳುತ್ತಿದ್ದೆ. ಅವಳು ಬೆರಗಾದವಳಂತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಕತ್ತಿನಲ್ಲಿ ದಾರದಲ್ಲಿ ನೇತು ಹಾಕಿಕೊಂಡಿದ್ದ ಸಹಾಯಧನದ ಕಾರ್ಡನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು. ಅವಳ ಫೋಟೋದ ಕೆಳಗೆ, ತೀರಾ ಬಡ ಕುಟುಂಬ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು.

"ಇದ್ನ ಕುತ್ಗೆಗ್ ಹಾಕ್ಕಂಡು ತಿಂಗ್ಳು ತಿಂಗ್ಳೂ ನಿಮ್ಮಂತೋರ ಮುಂದೆ ಹಾಜ್ರಿಗೆ ಸಾಲ್ನಾಗೆ ನಿಂತ್ಕತೀವಿ ಮೇಡಮ್ಮ. ಊರೆಲ್ಲ ನೋಡ್ತದೆ. ನಿಮ್ಗೆ ಒಂದ್ ಸಲ, ಆ ಮುದ್ಕಿ ಒಬ್ಳ ಮುಂದೆ, ಹೇಳಕ್ಕಾಗ್ಲಿಲ್ವಾ?"

ಗುಮಾಸ್ತ ನಾಲ್ಕು ಗಂಟೆಯವರೆಗೆ ಕಾದ. ತನ್ನ ಜೇಬು ತಡಕಿ ನೂರೈವತ್ತು ಇಟ್ಟ, ಇನ್ನೊಬ್ಬ ನೌಕರ ನೂರು ಇಟ್ಟ. ಮುನ್ನೂರೈವತ್ತು ಕಡಿಮೆಯಾಯಿತು. ಆಮೇಲೆ ಆ ನೋಟುಗಳನ್ನು ಅವರವರಿಗೆ ಕೊಟ್ಟು, ಉಳಿದದ್ದನ್ನು ಹೊಂಬಾಳಮ್ಮನ ಕಡೆ ಸರಿಸಿ, ಕಿಟಕಿಯ ಕದ ಮುಚ್ಚಿದ. ಅತ್ತೆಗೆ ಕಿವಿಯೂ ಮಂದ. ಆಯ್ತಾ, ಕೊಟ್ರಾ, ಎಲ್ಲಿ, ನನ್ನ ಕೈಗೆ ಕೊಡು ಎಂದು ಅವಳು ಕೈ ಚಾಚುತ್ತಲೇ ಇದ್ದಳು. ಹೊಂಬಾಳಮ್ಮ ಆ ಕೈ ಹಿಡಿದುಕೊಂಡು ಮೆಟ್ಟಿಲಿಳಿಸಿದಳು. ಬೀದಿಯವರು ಅವಳ ಹಿಂದೆ ಹೋದರು. ನಾನು ಕಿಟಕಿಯ ಮುಂದೆಯೇ ಉಳಿದೆ.

ಮರುದಿನ ಶನಿವಾರ, ಹತ್ತನೆಯ ಪಾಠ. ಯಾರೂ ಬರುವುದಿಲ್ಲ ಎಂದುಕೊಂಡೇ ಗೋದಾಮಿನ ಜಗುಲಿಗೆ ಹೋದೆ. ಇಪ್ಪತ್ತೆರಡೂ ಜನ ಕೂತಿದ್ದರು. ಬರದಿದ್ದರೆ ಸಹಾಯಧನ ನಿಲ್ಲುತ್ತದಲ್ಲ. ಹೊಂಬಾಳಮ್ಮ ಎಂದಿನ ಜಾಗದಲ್ಲಿ ಎಲೆ ಹಚ್ಚುತ್ತಿದ್ದಳು. ನಾನು ಪುಸ್ತಕ ತೆರೆಯಲಿಲ್ಲ. ಗೋಡೆ ಹಿಡಿದು ನಿಂತು, ಒಂಬತ್ತನೆಯ ಪಾಠಕ್ಕೆ ಎಲ್ಲರೂ ಪಾಸು ಎಂದು ಬರೆದು ಕಳಿಸಿದ್ದೇನೆ, ಯಾರೂ ಫೋನಿನಲ್ಲಿ ಏನೂ ಕೊಳ್ಳಬೇಕಾಗಿಲ್ಲ, ಇದು ತಿಳಿದರೆ ನನ್ನ ಕೆಲಸ ಹೋಗುತ್ತದೆ ಎಂದು ಹೇಳಿದೆ. ಆಮೇಲೆ, ನಾನು ನಿನ್ನೆ ಬೆಳಿಗ್ಗೆಯಿಂದ ಊಟ ಮಾಡಿಲ್ಲ ಎಂದೆ. ಹೇಳಬೇಕೆಂದು ಹೊರಟದ್ದಲ್ಲ, ಬಂದುಬಿಟ್ಟಿತು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆಮೇಲೆ ಹೊಂಬಾಳಮ್ಮ, ನನ್ನ ಕಡೆ ನೋಡದೆ, ಹಚ್ಚಿ ಮುಗಿಸಿದ ಎಲೆಯೊಂದನ್ನು ನೆಲದ ಮೇಲೆ ಹರಡಿದಳು. ಪಕ್ಕದವಳ ಬುತ್ತಿಗೆ ಕೈ ಹಾಕಿ ಒಂದು ಮುದ್ದೆ ತೆಗೆದು ಅದರ ಮೇಲಿಟ್ಟಳು.

"ಉಣ್ಣಿ. ನಿಮ್ಮನ್ನ ಕ್ಷಮ್ಸಿದೀನಿ ಅಂತಲ್ಲ" ಅಂದಳು.

ನಾನು ಕೂತು ಉಂಡೆ.